ಕ್ವೆರಿ ಫಲಿತಾಂಶದ ಕಾಲಂ ಹೆಸರುಗಳು

ಡೇಟಾಬೇಸಿಗೆ ಕಳುಹಿಸಿದ ಕ್ವೆರಿಗೆ ಉತ್ತರವಾಗಿ ಬರುವ ಕೋಷ್ಟಕದಲ್ಲಿ ಪ್ರತಿಯೊಂದು ಕಾಲಂ ಜೊತೆಗೂ ಒಂದು ಹೆಸರು ಬರುತ್ತದೆ. ವೆಬ್ ಪುಟ ಕಟ್ಟುವ ಪ್ರೋಗ್ರಾಂ ಈ ಹೆಸರನ್ನು ಹಲವು ಕೆಲಸಗಳಿಗೆ ಬಳಸುತ್ತದೆ: ಪುಟದ ಕೋಷ್ಟಕಕ್ಕೆ ತಲೆಸಾಲು ಬರೆಯಲು, ಸಿಎಸ್‌ವಿ ಕಡತದ ಮೊದಲ ಸಾಲು ತುಂಬಲು, ಇನ್ನೊಂದು ಕಚೇರಿಯ ಸರ್ವರ್‌ಗೆ ಜೇಸನ್ ರೂಪದಲ್ಲಿ ಮಾಹಿತಿ ಕಳುಹಿಸುವಾಗ ಪ್ರತಿ ಮೌಲ್ಯಕ್ಕೂ ಗುರುತು ಹಚ್ಚಲು. ಪಠ್ಯಪುಸ್ತಕಗಳು ಇದನ್ನು ಒಂದೆರಡು ಸಾಲಿನ ಕೋಡ್‌ನಲ್ಲಿ ಮುಗಿಸಿಬಿಡುತ್ತವೆ. ಆದರೆ ಸಾರ್ವಜನಿಕ ದಾಖಲೆಗಳು ವೆಬ್ ಮೂಲಕವೇ ಜನರ ಕೈಸೇರುತ್ತಿರುವ ಕರ್ನಾಟಕದಂಥ ರಾಜ್ಯದಲ್ಲಿ ಇದು ಸಣ್ಣ ವಿಷಯವಲ್ಲ. ಹೆಸರಿಲ್ಲದ ಮೌಲ್ಯಕ್ಕೆ ಅರ್ಥವಿಲ್ಲ. ತಪ್ಪು ಹೆಸರಿನ ಕೆಳಗೆ ಕೂತ ಮೌಲ್ಯ ಸುಳ್ಳು ಹೇಳುತ್ತದೆ. ಆದ್ದರಿಂದ ಕಾಲಂ ಹೆಸರನ್ನು ಊಹಿಸದೆ ಫಲಿತಾಂಶವನ್ನೇ ಕೇಳಿ ತಿಳಿಯಬೇಕು. ಹಾಗೆ ಸಿಕ್ಕ ಹೆಸರನ್ನು ಪ್ರೋಗ್ರಾಂನ ಒಳಗಿನ ಕೀಲಿಯಾಗಿ ಬಳಸಬೇಕು. ಓದುವವರ ಕಣ್ಣಿಗೆ ಬೀಳುವ ಕನ್ನಡ ಶೀರ್ಷಿಕೆಯನ್ನು ಬೇರೆಯಾಗಿ ಇಡಬೇಕು. ಈ ಲೇಖನ ಆಧಾರಗಳ ಮೂಲಕ ಸಮರ್ಥಿಸುವ ನಿಲುವು ಇದು.

ಕಾಲಂ ಎಂಬುದು ಕರ್ನಾಟಕದ ರೈತರಿಗೆ ಅಪರಿಚಿತವಲ್ಲ. ನಂಜನಗೂಡು, ಹುಣಸೂರು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಜಮೀನು ಉಳ್ಳವರು ಪಹಣಿ ಕೈಗೆ ಬಂದ ಕೂಡಲೇ ಮೊದಲು ನೋಡುವುದು ಕಾಲಂ 9 ಮತ್ತು ಕಾಲಂ 11ನ್ನು. ಒಂಬತ್ತರಲ್ಲಿ ಸ್ವಾಧೀನದಾರರ ಹೆಸರು ಇರುತ್ತದೆ. ಹನ್ನೊಂದರಲ್ಲಿ ಇತರ ಹಕ್ಕುಗಳು ಮತ್ತು ಋಣಗಳು, ಎಂದರೆ ಬ್ಯಾಂಕಿನ ಸಾಲದ ವಿವರ. ಹನ್ನೆರಡರಲ್ಲಿ ಸಾಗುವಳಿ ಮತ್ತು ಬೆಳೆ. ಕೈಬರಹದಲ್ಲಿದ್ದ ಈ ದಾಖಲೆಯನ್ನು 2000ದ ಸುಮಾರಿಗೆ 'ಭೂಮಿ' ಯೋಜನೆ ಕಂಪ್ಯೂಟರಿಗೆ ತಂದಿತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಡೇಟಾಬೇಸಿಗೆ ಸೇರಿದವು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗತೊಡಗಿತು. ಈಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ತುಂಬಿದರೆ ಮನೆಯಲ್ಲೇ ಪಹಣಿಯನ್ನು ನೋಡಬಹುದು. ಇಂಥ ಪುಟದ ಹಿಂದೆ ಕ್ವೆರಿ ಓಡುತ್ತದೆ, ಫಲಿತಾಂಶ ಬರುತ್ತದೆ, ಅದರ ಪ್ರತಿ ಕಾಲಂ ಸರಿಯಾದ ಶೀರ್ಷಿಕೆಯ ಕೆಳಗೆ ಕೂರಬೇಕಾಗುತ್ತದೆ. ಋಣದ ಅಂಕಿ ವಿಸ್ತೀರ್ಣದ ಕೆಳಗೆ ಕಾಣಿಸಿಕೊಂಡರೆ ಬೆಳೆಸಾಲ ನಿಲ್ಲುತ್ತದೆ, ಕ್ರಯಪತ್ರ ನಿಲ್ಲುತ್ತದೆ.

ಇಲ್ಲೇ ಮೊದಲ ಆಕ್ಷೇಪ ಎದುರಾಗುತ್ತದೆ. ರೈತರು ಕಾಲಂ 9 ಎಂದು ಸಂಖ್ಯೆಯಿಂದಲೇ ಗುರುತಿಸುತ್ತಾರಲ್ಲ, ಪ್ರೋಗ್ರಾಂ ಕೂಡ ಸ್ಥಾನಸಂಖ್ಯೆಯಿಂದಲೇ ಏಕೆ ಕೆಲಸ ಮಾಡಬಾರದು? ಪಹಣಿಯಲ್ಲಿ ಸಂಖ್ಯೆ ನಡೆಯಲು ಕಾರಣವಿದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ ಅಡಿಯ ನಿಯಮಗಳು ಪಹಣಿಯ ನಮೂನೆಯನ್ನು ಕಾಲಂಗಳ ಕ್ರಮದೊಂದಿಗೆ ನಿಗದಿಪಡಿಸಿವೆ. ನಿಯಮ ತಿದ್ದದೆ ಒಂಬತ್ತು ಹತ್ತಾಗುವುದಿಲ್ಲ. ಕ್ವೆರಿಗೆ ಅಂಥ ಕಾವಲಿಲ್ಲ. ಎಲ್ಲ ಕಾಲಂಗಳನ್ನೂ ಕೊಡು ಎಂದು ನಕ್ಷತ್ರ ಚಿಹ್ನೆ ಬಳಸಿ ಬರೆದ ಕ್ವೆರಿಯ ಕ್ರಮ, ಯಾರೋ ಕೋಷ್ಟಕದ ನಡುವೆ ಒಂದು ಕಾಲಂ ಸೇರಿಸಿದ ದಿನವೇ ಬದಲಾಗುತ್ತದೆ. ಸಂಗ್ರಹ ಬೆಳೆದಂತೆ ಸಂಖ್ಯೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನ ವಿದ್ವತ್ತಿನಲ್ಲೇ ಸಾಕ್ಷಿಯಿದೆ. ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಶಾಸನ ಸಂಪುಟದಲ್ಲಿ 144 ಶಾಸನಗಳಿದ್ದವು, ಆರ್. ನರಸಿಂಹಾಚಾರ್ ಪರಿಷ್ಕರಿಸಿದ 1923ರ ಆವೃತ್ತಿಯಲ್ಲಿ 500. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ತಂದ ಪರಿಷ್ಕೃತ ಸಂಪುಟದಲ್ಲಿ 573. ಹೀಗಾಗಿ ಈ ಸಂಪುಟಗಳು ಸೇರಿರುವ ಎಪಿಗ್ರಾಫಿಯ ಕರ್ನಾಟಿಕ ಮಾಲೆಯ ಶಾಸನವೊಂದನ್ನು ಉಲ್ಲೇಖಿಸುವವರು ಸಂಖ್ಯೆಯ ಜೊತೆಗೆ ಹಳೆಯ ಆವೃತ್ತಿಯೋ ಪರಿಷ್ಕೃತವೋ ಎಂಬುದನ್ನೂ ಹೇಳಬೇಕು. ಮುದ್ರಿತ ಪುಸ್ತಕದ ಮುಖಪುಟದಲ್ಲಿ ಆವೃತ್ತಿ ಕಾಣುತ್ತದೆ. ಕ್ವೆರಿ ಫಲಿತಾಂಶಕ್ಕೆ ಮುಖಪುಟ ಇರುವುದಿಲ್ಲ. ಅದರ ಪಾಲಿಗೆ ಉಳಿದಿರುವ ಆಸರೆ ಹೆಸರೊಂದೇ.

ಸಂಬಂಧಾತ್ಮಕ ಡೇಟಾಬೇಸಿನ ಮೂಲ ಚಿಂತನೆಯೂ ಇದನ್ನೇ ಹೇಳುತ್ತದೆ. ಐಬಿಎಂನ ಇ. ಎಫ್. ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕಾಲಂಗಳು ಹೆಚ್ಚಾದಾಗ ಅವುಗಳ ಕ್ರಮವನ್ನು ನೆನಪಿಡುವ ಹೊರೆಯನ್ನು ಬಳಕೆದಾರರ ಮೇಲೆ ಹೊರಿಸಬಾರದು, ಹೆಸರಿನಿಂದಲೇ ವ್ಯವಹಾರ ನಡೆಯಬೇಕು ಎಂದು ವಾದಿಸಿದರು. 1985ರಲ್ಲಿ ಅವರು ಮುಂದಿಟ್ಟ ಹನ್ನೆರಡು ನಿಯಮಗಳಲ್ಲಿ ಎರಡನೆಯದರ ಪ್ರಕಾರ ಯಾವ ಮೌಲ್ಯವನ್ನೇ ಆಗಲಿ ಕೋಷ್ಟಕದ ಹೆಸರು, ಪ್ರಾಥಮಿಕ ಕೀಲಿ, ಕಾಲಂ ಹೆಸರು ಈ ಮೂರರಿಂದ ತಲುಪುವಂತಿರಬೇಕು. ನಾಲ್ಕನೆಯದರ ಪ್ರಕಾರ ಡೇಟಾಬೇಸಿನ ವಿವರಣೆಯನ್ನು ಕೂಡ ಡೇಟಾದಂತೆಯೇ ಕ್ವೆರಿಯಿಂದ ಕೇಳುವಂತಿರಬೇಕು. ಬಳಕೆಗೆ ಬಂದ ಎಸ್‌ಕ್ಯೂಎಲ್ ಭಾಷೆ ಈ ಶಿಸ್ತನ್ನು ಪೂರ್ತಿ ಪಾಲಿಸಲಿಲ್ಲ. ಅದರಲ್ಲಿ ಕಾಲಂಗಳಿಗೆ ಕ್ರಮವಿದೆ, ಫಲಿತಾಂಶದ ಎರಡು ಕಾಲಂಗಳಿಗೆ ಒಂದೇ ಹೆಸರು ಇರಬಹುದು, ಹೆಸರೇ ಇಲ್ಲದ ಕಾಲಂ ಕೂಡ ಬರಬಹುದು. ವೆಬ್ ಪ್ರೋಗ್ರಾಮರ್ ಎದುರಿಸುವ ಬಹುಪಾಲು ತೊಡಕುಗಳು ಈ ಮೂರು ಸಡಿಲಿಕೆಗಳಿಂದ ಹುಟ್ಟಿದವು.

ಹೆಸರು ಪ್ರೋಗ್ರಾಂವರೆಗೆ ತಲುಪುವ ದಾರಿಯನ್ನು ಗಮನಿಸಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಸಾಲುಗಳು ಹೊರಡುವ ಮುನ್ನ ಸಾಲಿನ ವಿವರಣೆಯ ಸಂದೇಶವೊಂದು ಹೋಗುತ್ತದೆ. ಪ್ರತಿ ಕಾಲಂ ಹೆಸರು, ಅದು ಯಾವ ಕೋಷ್ಟಕದ ಎಷ್ಟನೆಯ ಕಾಲಂ, ದತ್ತಾಂಶದ ಬಗೆ, ಗಾತ್ರ ಎಲ್ಲವೂ ಅದರಲ್ಲಿರುತ್ತವೆ. ಮೈಎಸ್‌ಕ್ಯೂಎಲ್ ಕೂಡ ಸಾಲುಗಳಿಗಿಂತ ಮೊದಲೇ ಪ್ರತಿ ಕಾಲಂಗೆ ಒಂದರಂತೆ ವಿವರಣೆ ಕಳುಹಿಸುತ್ತದೆ. ಅದರಲ್ಲಿ ಕ್ವೆರಿಯಲ್ಲಿ ಕೊಟ್ಟ ಹೆಸರು ಮತ್ತು ಕೋಷ್ಟಕದ ಮೂಲ ಹೆಸರು ಎರಡೂ ಇರುತ್ತವೆ. ಪ್ರೋಗ್ರಾಮಿಂಗ್ ಭಾಷೆಗಳು ಇದನ್ನೇ ತಮ್ಮ ತಮ್ಮ ರೀತಿಯಲ್ಲಿ ತೆರೆದಿಡುತ್ತವೆ. ಪಿಎಚ್‌ಪಿಯ ಮೈಎಸ್‌ಕ್ಯೂಎಲ್‌ಐ ವಿಸ್ತರಣೆಯಲ್ಲಿ ಫೆಚ್‌ಫೀಲ್ಡ್ಸ್ ಎಂಬ ವಿಧಾನವಿದೆ. ಪಿಡಿಒದಲ್ಲಿ ಗೆಟ್‌ಕಾಲಂಮೆಟಾ ಇದೆ, ಆದರೆ ಎಲ್ಲ ಡ್ರೈವರ್‌ಗಳೂ ಅದಕ್ಕೆ ಬೆಂಬಲ ಕೊಡುವುದಿಲ್ಲ. ಪೈಥಾನ್‌ನಲ್ಲಿ ಕರ್ಸರ್‌ನ ಡಿಸ್ಕ್ರಿಪ್ಷನ್ ಪ್ರತಿ ಕಾಲಂಗೆ ಏಳು ಅಂಶಗಳನ್ನು ಕೊಡುತ್ತದೆ, ಮೊದಲನೆಯದೇ ಹೆಸರು. ಪರ್ಲ್‌ನ ಡಿಬಿಐ ಹೆಸರುಗಳನ್ನು ಇದ್ದಂತೆಯೂ ಕೊಡುತ್ತದೆ, ಎಲ್ಲವನ್ನೂ ಸಣ್ಣ ಅಥವಾ ದೊಡ್ಡ ಅಕ್ಷರಕ್ಕೆ ತಿರುಗಿಸಿಯೂ ಕೊಡುತ್ತದೆ. ಜಾವಾದ ಜೆಡಿಬಿಸಿಯಲ್ಲಿ ರಿಸಲ್ಟ್‌ಸೆಟ್‌ಮೆಟಾಡೇಟಾ ಈ ಕೆಲಸ ಮಾಡುತ್ತದೆ. ಅಲ್ಲಿ ಕಾಲಂ ಎಣಿಕೆ ಒಂದರಿಂದ ಶುರುವಾದರೆ ಪಿಎಚ್‌ಪಿಯಲ್ಲಿ ಸೊನ್ನೆಯಿಂದ. ಹೆಸರು ಕೇಳುವುದರಿಂದ ಪುಟ ನಿಧಾನವಾಗುತ್ತದೆ ಎಂಬ ಆಕ್ಷೇಪಕ್ಕೆ ಉತ್ತರವೂ ಇದರಲ್ಲೇ ಇದೆ. ಹೆಸರುಗಳು ಹೇಗೂ ಸರ್ವರ್‌ನಿಂದ ಹೊರಟು ಬಂದಿರುತ್ತವೆ, ಒಂದು ಫಲಿತಾಂಶಕ್ಕೆ ಒಂದೇ ಸಲ. ಹತ್ತು ಸಾಲು ಬಂದರೂ ಹತ್ತು ಸಾವಿರ ಬಂದರೂ ಆ ವೆಚ್ಚ ಬೆಳೆಯುವುದಿಲ್ಲ.

ಹೆಸರನ್ನು ಫಲಿತಾಂಶದಿಂದ ಕೇಳುವ ಬದಲು ಕೋಷ್ಟಕದ ರಚನೆಯಿಂದ ಓದಿಕೊಳ್ಳುವ ಅಭ್ಯಾಸವೂ ಉಂಟು. ಇನ್‌ಫರ್ಮೇಷನ್ ಸ್ಕೀಮಾ ಎಂಬ ವಿವರಣಾ ಕೋಷ್ಟಕಗಳು 1992ರ ಎಸ್‌ಕ್ಯೂಎಲ್ ಮಾನಕದಿಂದ ಬಂದಿವೆ. ಮೈಎಸ್‌ಕ್ಯೂಎಲ್‌ನಲ್ಲಿ ಶೋ ಕಾಲಮ್ಸ್ ಆಜ್ಞೆ ಇದೆ. ಇವು ಕೋಷ್ಟಕದಲ್ಲಿ ಏನಿದೆ ಎಂಬುದನ್ನು ಹೇಳುತ್ತವೆ, ಈ ಕ್ವೆರಿಗೆ ಏನು ಬಂತು ಎಂಬುದನ್ನು ಹೇಳುವುದಿಲ್ಲ. ಎರಡು ಕೋಷ್ಟಕಗಳನ್ನು ಕೂಡಿಸಿದ ಕ್ವೆರಿ, ಎಕರೆ ಗುಂಟೆಗಳನ್ನು ಕೂಡಿಸಿ ಒಟ್ಟು ವಿಸ್ತೀರ್ಣ ತೆಗೆದ ಕ್ವೆರಿ, ಕಾಲಂಗೆ ಬದಲಿ ಹೆಸರು ಕೊಟ್ಟ ಕ್ವೆರಿ, ಇವುಗಳ ಫಲಿತಾಂಶ ಯಾವ ಒಂದು ಕೋಷ್ಟಕದ ಪ್ರತಿಬಿಂಬವೂ ಅಲ್ಲ. ಜೆಡಿಬಿಸಿ ಕಾಲಂ ನೇಮ್ ಮತ್ತು ಕಾಲಂ ಲೇಬಲ್ ಎಂದು ಎರಡು ಬೇರೆ ವಿಧಾನ ಇಟ್ಟಿರುವುದು ಈ ಕಾರಣಕ್ಕೆ. ಮೊದಲನೆಯದು ಮೂಲ ಕಾಲಂ ಹೆಸರಿಗೆ, ಎರಡನೆಯದು ಕ್ವೆರಿಯಲ್ಲಿ ಕೊಟ್ಟ ಬದಲಿ ಹೆಸರಿಗೆ. ಪುಟ ಕಟ್ಟುವವರಿಗೆ ಬೇಕಾದದ್ದು ಎರಡನೆಯದು. ಕ್ವೆರಿ ಬರೆದವರ ಉದ್ದೇಶ ದಾಖಲಾಗಿರುವುದು ಅದರಲ್ಲೇ.

ಫಲಿತಾಂಶದಿಂದ ಬಂದ ಹೆಸರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಲೆಕ್ಕ ಹಾಕಿ ಪಡೆದ ಕಾಲಂಗೆ ಕ್ವೆರಿಯಲ್ಲಿ ಹೆಸರು ಕೊಡದಿದ್ದರೆ ಒಂದೊಂದು ಡೇಟಾಬೇಸ್ ಒಂದೊಂದು ರೀತಿ ನಡೆದುಕೊಳ್ಳುತ್ತದೆ. ಮೈಎಸ್‌ಕ್ಯೂಎಲ್ ಸೂತ್ರವನ್ನೇ ಹೆಸರಾಗಿಸುತ್ತದೆ. ಪೋಸ್ಟ್‌ಗ್ರೆಸ್ ಎರಡು ಸಂಖ್ಯೆಗಳ ಮೊತ್ತಕ್ಕೆ ಪ್ರಶ್ನಾರ್ಥಕ ಚಿಹ್ನೆಗಳ ನಡುವೆ ಕಾಲಂ ಎಂದಷ್ಟೇ ಬರೆದು ಕಳುಹಿಸುತ್ತದೆ. ಎಸ್‌ಕ್ಯೂಎಲ್ ಸರ್ವರ್ ಹೆಸರನ್ನೇ ಕೊಡುವುದಿಲ್ಲ. ಬದಲಿ ಹೆಸರು ಕೊಡದ ಕಾಲಂನ ಹೆಸರು ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು ಎಂದು ಎಸ್‌ಕ್ಯೂಲೈಟ್ ತನ್ನ ದಾಖಲೆಯಲ್ಲೇ ಎಚ್ಚರಿಸಿದೆ. ಅಕ್ಷರಗಳ ಗಾತ್ರದಲ್ಲೂ ಒಮ್ಮತವಿಲ್ಲ: ಉದ್ಧರಣ ಚಿಹ್ನೆ ಇಲ್ಲದೆ ಬರೆದ ಇಂಗ್ಲಿಷ್ ಹೆಸರನ್ನು ಒರಾಕಲ್ ದೊಡ್ಡ ಅಕ್ಷರಕ್ಕೂ ಪೋಸ್ಟ್‌ಗ್ರೆಸ್ ಸಣ್ಣ ಅಕ್ಷರಕ್ಕೂ ತಿರುಗಿಸುತ್ತದೆ. ಎಲ್ಲಕ್ಕಿಂತ ಅಪಾಯಕಾರಿ ಒಂದೇ ಹೆಸರಿನ ಎರಡು ಕಾಲಂಗಳು. ಹಕ್ಕುದಾರರ ಕೋಷ್ಟಕದಲ್ಲೂ ಜಮೀನಿನ ಕೋಷ್ಟಕದಲ್ಲೂ ಗ್ರಾಮ ಎಂಬ ಕಾಲಂ ಇದೆ ಎಂದುಕೊಳ್ಳೋಣ: ಒಂದು ಹಕ್ಕುದಾರರು ವಾಸಿಸುವ ಗ್ರಾಮ, ಇನ್ನೊಂದು ಜಮೀನು ಇರುವ ಗ್ರಾಮ. ಎರಡನ್ನೂ ಕೂಡಿಸಿದ ಕ್ವೆರಿಯನ್ನು ಪಿಎಚ್‌ಪಿಯಲ್ಲಿ ಹೆಸರಿನ ಕೀಲಿಯ ಅರೇಯಾಗಿ ಓದಿದರೆ ಕೊನೆಯ ಗ್ರಾಮ ಮಾತ್ರ ಉಳಿಯುತ್ತದೆ. ಜೆಡಿಬಿಸಿಯಲ್ಲಿ ಹೆಸರಿನಿಂದ ಕೇಳಿದರೆ ಮೊದಲ ಗ್ರಾಮ ಸಿಗುತ್ತದೆ. ಕ್ವೆರಿ ಒಂದೇ, ದತ್ತಾಂಶ ಒಂದೇ, ಉತ್ತರ ಎರಡು. ಎಲ್ಲೂ ದೋಷದ ಸೂಚನೆ ಇಲ್ಲ. ಹೆಸರುಗಳ ಪಟ್ಟಿಯನ್ನು ಮೊದಲೇ ತೆಗೆದು ಪುನರಾವರ್ತನೆ ಇದೆಯೇ ಎಂದು ಪರೀಕ್ಷಿಸುವ ಪ್ರೋಗ್ರಾಂ ಮಾತ್ರ ಈ ಮೌನವಾದ ತಪ್ಪನ್ನು ಹಿಡಿಯಬಲ್ಲದು. ಪ್ರತಿ ಕಾಲಂಗೂ ಕ್ವೆರಿಯಲ್ಲೇ ಸ್ಪಷ್ಟ ಬದಲಿ ಹೆಸರು ಕೊಡುವುದು ಇದರ ಮದ್ದು.

ಇನ್ನೊಂದು ತಪ್ಪು ದಾರಿ ಬಹಳ ಪ್ರಚಾರದಲ್ಲಿದೆ. ಮೊದಲ ಸಾಲನ್ನು ಓದಿ, ಅದರ ಕೀಲಿಗಳನ್ನೇ ಕಾಲಂ ಹೆಸರುಗಳೆಂದು ಎತ್ತಿಕೊಳ್ಳುವುದು. ಸಾಲುಗಳು ಇರುವವರೆಗೆ ಇದು ನಡೆಯುತ್ತದೆ. ಒಂದು ಸಾಲೂ ಬಾರದಿದ್ದಾಗ ಹೆಸರುಗಳೂ ಬಾರದೆ ಪುಟ ಬರಿದಾಗುತ್ತದೆ, ಇಲ್ಲವೇ ದೋಷ ಸಂದೇಶ ಬರುತ್ತದೆ. ಸಾರ್ವಜನಿಕ ದಾಖಲೆಯಲ್ಲಿ ಶೂನ್ಯ ಸಾಲು ಕೂಡ ಒಂದು ಉತ್ತರ. ಒಂದು ಸರ್ವೆ ನಂಬರಿನ ಮೇಲೆ ಯಾವ ಋಣವೂ ಇಲ್ಲ ಎಂಬುದು ಜಮೀನು ಕೊಳ್ಳುವವರಿಗೂ ಸಾಲ ಕೊಡುವ ಬ್ಯಾಂಕಿಗೂ ಅತ್ಯಂತ ಬೆಲೆಯುಳ್ಳ ಮಾಹಿತಿ. ಋಣದ ವಿವರ, ಸಂಸ್ಥೆ, ಮೊತ್ತ, ದಿನಾಂಕ ಎಂಬ ಶೀರ್ಷಿಕೆಗಳನ್ನು ತೋರಿಸಿ ಅದರ ಕೆಳಗೆ ಯಾವ ದಾಖಲೆಯೂ ಇಲ್ಲ ಎಂದು ಹೇಳುವ ಪುಟಕ್ಕೂ, ಏನನ್ನೂ ತೋರಿಸದ ಪುಟಕ್ಕೂ ನಡುವೆ ದೊಡ್ಡ ಅಂತರವಿದೆ: ಎರಡನೆಯದನ್ನು ನೋಡಿದವರಿಗೆ ಋಣ ಇಲ್ಲವೋ, ಸರ್ವರ್ ಕೆಟ್ಟಿದೆಯೋ ತಿಳಿಯುವುದಿಲ್ಲ. ಕಾಲಂ ವಿವರಣೆ ಸಾಲುಗಳಿಗಿಂತ ಮೊದಲೇ ಬರುವುದರಿಂದ, ಫಲಿತಾಂಶ ಶೂನ್ಯವಾದರೂ ಹೆಸರುಗಳು ಪೂರ್ತಿಯಾಗಿ ಸಿಗುತ್ತವೆ. ಹೆಸರನ್ನು ಸಾಲಿನಿಂದ ತೆಗೆಯದೆ ಫಲಿತಾಂಶದ ವಿವರಣೆಯಿಂದಲೇ ತೆಗೆಯಬೇಕು ಎಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಇಂದಿನ ಪ್ರೋಗ್ರಾಮರ್‌ಗಳು ಒಂದು ಆಕ್ಷೇಪ ಎತ್ತಬಹುದು. ಡೇಟಾಬೇಸಿನ ಕೋಷ್ಟಕವನ್ನು ಪ್ರೋಗ್ರಾಂನ ವಸ್ತುವಾಗಿ ಪರಿವರ್ತಿಸುವ ಹೈಬರ್ನೇಟ್, ಜಾಂಗೋ, ಲಾರಾವೆಲ್ ಮೊದಲಾದ ಚೌಕಟ್ಟುಗಳು ಬಂದ ಮೇಲೆ ಕಾಲಂ ಹೆಸರು ಕೇಳುವ ಅಗತ್ಯವೇ ಉಳಿದಿಲ್ಲ ಎಂಬುದು ಅವರ ಮಾತು. ಒಂದು ಖಾತೆಯನ್ನು ತೆರೆದು ತಿದ್ದಿ ಉಳಿಸುವ ನಿತ್ಯದ ಕೆಲಸದ ಮಟ್ಟಿಗೆ ಇದು ನಿಜ; ಅಲ್ಲಿ ಹೆಸರುಗಳು ಮಾದರಿಯಲ್ಲಿ ಮೊದಲೇ ಘೋಷಿತವಾಗಿರುತ್ತವೆ. ಆದರೆ ಜಿಲ್ಲಾಧಿಕಾರಿ ಕಚೇರಿ ಕೇಳುವ ವರದಿಗಳು ಬೇರೆ ಬಗೆಯವು. ಹೋಬಳಿವಾರು ಒಟ್ಟು, ಬೆಳೆವಾರು ವಿಸ್ತೀರ್ಣ, ತಿಂಗಳುವಾರು ಖಾತೆ ಬದಲಾವಣೆ ಇಂಥವುಗಳ ಕಾಲಂಗಳು ಯಾವ ಮಾದರಿಯಲ್ಲೂ ಇರುವುದಿಲ್ಲ. ಪ್ರತಿ ವರದಿಗೂ ಒಂದು ಹೊಸ ಪುಟ ಬರೆಯುವ ಬದಲು, ಯಾವ ಕ್ವೆರಿ ಬಂದರೂ ಅದರ ಹೆಸರುಗಳನ್ನು ಓದಿಕೊಂಡು ಕೋಷ್ಟಕ ಕಟ್ಟುವ ಒಂದೇ ಪುಟ ಸಾಕು. ಅಲ್ಲದೆ ಆ ಚೌಕಟ್ಟುಗಳು ಕೂಡ ಹಲವೆಡೆ ಒಳಗಡೆ ಇದೇ ವಿವರಣೆಯನ್ನು ಆಧರಿಸುತ್ತವೆ. ಅಂಥ ಕಡೆ ದೋಷ ಹುಡುಕುವವರು ಕೊನೆಗೆ ಇಲ್ಲಿಗೇ ಬರಬೇಕು. ಪಿಎಚ್‌ಪಿಯ ಹಳೆಯ ಮೈಎಸ್‌ಕ್ಯೂಎಲ್ ವಿಸ್ತರಣೆ 2015ರ ಕೊನೆಯಲ್ಲಿ ಬಂದ ಏಳನೆಯ ಆವೃತ್ತಿಯಲ್ಲಿ ಇಲ್ಲವಾಯಿತು, ಅದರೊಡನೆ ಫೀಲ್ಡ್ ನೇಮ್ ಎಂಬ ಫಂಕ್ಷನ್ನೂ ಹೋಯಿತು. ಫಂಕ್ಷನ್‌ಗಳು ಬಂದು ಹೋಗುತ್ತವೆ. ಫಲಿತಾಂಶ ತನ್ನ ವಿವರಣೆಯನ್ನು ತಾನೇ ಹೊತ್ತು ತರುತ್ತದೆ ಎಂಬ ತತ್ತ್ವ ಉಳಿದಿದೆ.

ಕನ್ನಡದ ಮಟ್ಟಿಗೆ ನಿಜವಾದ ಪ್ರಶ್ನೆ ಮುಂದಿನದು. ಕಾಲಂ ಹೆಸರುಗಳನ್ನೇ ಕನ್ನಡದಲ್ಲಿ ಇಟ್ಟರೆ, ಓದಿಕೊಂಡ ಹೆಸರನ್ನು ನೇರವಾಗಿ ಪುಟದ ಮೇಲೆ ಬರೆಯಬಹುದಲ್ಲ? ತಾಂತ್ರಿಕವಾಗಿ ಅಡ್ಡಿಯಿಲ್ಲ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಎರಡೂ ಕನ್ನಡ ಅಕ್ಷರದ ಹೆಸರನ್ನು ಸ್ವೀಕರಿಸುತ್ತವೆ. ತೊಡಕು ಎರಡು ಕಡೆ ಇದೆ. ಮೊದಲನೆಯದು ಉದ್ದ. ಪೋಸ್ಟ್‌ಗ್ರೆಸ್ ಹೆಸರಿಗೆ ಕೊಡುವ ಜಾಗ 63 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು, ವ್ಯಂಜನ, ಗುಣಿತದ ಚಿಹ್ನೆ, ಒತ್ತಕ್ಷರ ಕೂಡಿಸುವ ಹಲಂತ ಎಲ್ಲವೂ ಒಂದೊಂದು ಸಂಕೇತ. ಎಂದರೆ ಒಟ್ಟು 21 ಸಂಕೇತಗಳಷ್ಟೇ. 'ಜಮೀನಿನ ಹಕ್ಕುದಾರರ ಹೆಸರು ಮತ್ತು ವಿಳಾಸ' ಎಂದು ಬದಲಿ ಹೆಸರು ಕೊಟ್ಟರೆ 'ಹೆಸರು' ಮುಗಿಯುವಷ್ಟರಲ್ಲಿ 62 ಬೈಟ್ ಆಗಿ, ಮುಂದಿನ ಖಾಲಿ ಜಾಗಕ್ಕೆ ಮಿತಿ ತುಂಬಿ, 'ಮತ್ತು ವಿಳಾಸ' ಕತ್ತರಿಸಿ ಹೋಗುತ್ತದೆ. ಕ್ವೆರಿ ನಿಲ್ಲುವುದಿಲ್ಲ, ಸೂಚನೆಯೊಂದು ದಾಖಲಾಗುತ್ತದೆ ಅಷ್ಟೇ. ಎರಡನೆಯದು ಸಂಕೇತಗಳ ಜೋಡಣೆ. ಯೂನಿಕೋಡ್‌ನಲ್ಲಿ ಏತ್ವದ ದೀರ್ಘ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವದ ಚಿಹ್ನೆ ಮತ್ತು ದೀರ್ಘದ ಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. 'ಕ್ಷೇತ್ರ' ಎಂಬ ಹೆಸರು ಎರಡು ರೀತಿಯಲ್ಲಿ ದಾಖಲಾದರೆ ಪರದೆಯ ಮೇಲೆ ಒಂದೇ ರೂಪ ಕಾಣುತ್ತದೆ, ಪ್ರೋಗ್ರಾಂಗೆ ಅವು ಎರಡು ಬೇರೆ ಕೀಲಿಗಳು. ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳು ನಡುವೆ ಸೇರಿಕೊಂಡರೂ ಇದೇ ಗತಿ. ಕೀಲಿಗೆ ಬೇಕಾದದ್ದು ಚಿಕ್ಕದಾಗಿ ಬದಲಾಗದೆ ಉಳಿಯುವ ಗುಣ. ಶೀರ್ಷಿಕೆಗೆ ಬೇಕಾದದ್ದು ಪೂರ್ಣತೆ ಮತ್ತು ಸುಲಭವಾಗಿ ಅರ್ಥವಾಗುವ ಗುಣ. ಒಂದೇ ಹೆಸರಿನ ಮೇಲೆ ಎರಡೂ ಹೊರೆ ಹೊರಿಸಿದರೆ ಎರಡೂ ಕೆಡುತ್ತವೆ.

ಹಾಗೆಂದು ಕನ್ನಡವನ್ನು ಹಿಂದೆ ಸರಿಸಬೇಕೆಂದಲ್ಲ. ಇಲ್ಲಿ ಕನ್ನಡಕ್ಕೆ ಹೆಚ್ಚಿನ ಗೌರವವೇ ಬೇಕು. ಓದಿಕೊಂಡ ಕೀಲಿಯನ್ನೇ ಅಡಿಗೆರೆ ಸಮೇತ ಪುಟದ ಮೇಲೆ ಚೆಲ್ಲುವ ರೂಢಿ, 1963ರಲ್ಲೇ ಕನ್ನಡವನ್ನು ಆಡಳಿತ ಭಾಷೆಯಾಗಿ ಒಪ್ಪಿ ಅಧಿನಿಯಮ ಮಾಡಿದ ರಾಜ್ಯಕ್ಕೆ ಸಲ್ಲದು. ಪ್ರತಿ ಕೀಲಿಗೂ ಕನ್ನಡ ಶೀರ್ಷಿಕೆ, ಬೇಕಿದ್ದರೆ ಇಂಗ್ಲಿಷ್ ಶೀರ್ಷಿಕೆ, ತೋರಿಸುವ ಕ್ರಮ ಇವನ್ನು ದಾಖಲಿಸಿದ ಶೀರ್ಷಿಕೆಗಳ ಕೋಷ್ಟಕವೊಂದನ್ನು ಡೇಟಾಬೇಸಿನಲ್ಲೇ ಇಡಬೇಕು. ಕಂದಾಯ ಇಲಾಖೆಯ ಅನುಭವಿಗಳು 'ಖರಾಬು', 'ತರಿ', 'ಖುಷ್ಕಿ', 'ಬಾಗಾಯ್ತು' ಎಂಬ ಬಳಕೆಯ ಮಾತುಗಳನ್ನೇ ಅದರಲ್ಲಿ ತುಂಬಬಹುದು, ಕೋಡ್ ಮುಟ್ಟದೆ ತಿದ್ದಬಹುದು. ಪುಟದಲ್ಲಿ ಈ ಶೀರ್ಷಿಕೆಗಳನ್ನು ದಪ್ಪಕ್ಷರದ ಸಾಮಾನ್ಯ ಸಾಲಾಗಿ ಬರೆಯದೆ, ಎಚ್‌ಟಿಎಂಎಲ್‌ನ ಶೀರ್ಷಿಕೆ ಕೋಶಗಳಾಗಿ, ಕಾಲಂಗೆ ಸೇರಿದ್ದು ಎಂಬ ಗುರುತಿನೊಂದಿಗೆ ಬರೆಯಬೇಕು. ಪರದೆ ಓದುವ ತಂತ್ರಾಂಶ ಬಳಸುವ ದೃಷ್ಟಿಹೀನರಿಗೆ ಕೋಶದಿಂದ ಕೋಶಕ್ಕೆ ಸರಿಯುವಾಗ ಇದು ವಿಸ್ತೀರ್ಣ, ಇದು ಕಂದಾಯ ಎಂದು ತಿಳಿಯುವುದು ಆ ಗುರುತಿನಿಂದಲೇ. ಸಿಎಸ್‌ವಿಯಾಗಿ ಇಳಿಸಿಕೊಡುವಾಗ ಕಡತದ ಮೊದಲಿಗೆ ಯುಟಿಎಫ್-8ರ ಗುರುತನ್ನು ಸೇರಿಸದಿದ್ದರೆ ಎಕ್ಸೆಲ್ ಕನ್ನಡ ಶೀರ್ಷಿಕೆಗಳನ್ನು ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆಯಬಹುದು ಎಂಬುದನ್ನೂ ನೆನಪಿಡಬೇಕು.

ಕೊನೆಯ ಆಕ್ಷೇಪ ಸುರಕ್ಷತೆಯದು, ಮತ್ತು ಅದು ಗಂಭೀರವಾದದ್ದು. ಡೇಟಾಬೇಸಿನ ಕಾಲಂ ಹೆಸರುಗಳು ಹೊರಗೆ ಕಂಡರೆ ಕ್ವೆರಿಯೊಳಗೆ ಕಳ್ಳ ಆಜ್ಞೆ ತೂರಿಸುವ ದಾಳಿಕೋರರಿಗೆ ನಕ್ಷೆ ಕೈಗೆ ಕೊಟ್ಟಂತೆ. ಬಂದ ಹೆಸರುಗಳನ್ನೆಲ್ಲ ತೋರಿಸುವ ಪುಟದಲ್ಲಿ ಇನ್ನೂ ಒಂದು ಅಪಾಯವಿದೆ. ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಡೆದಿರುವ ರಾಜ್ಯದಲ್ಲಿ, ನಾಳೆ ಕೋಷ್ಟಕಕ್ಕೆ ಆಧಾರ್ ಸಂಖ್ಯೆಯ ಕಾಲಂ ಸೇರಿದರೆ ಅಂಥ ಪುಟ ಅದನ್ನೂ ಸಾರ್ವಜನಿಕವಾಗಿ ಮುದ್ರಿಸಿಬಿಡುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಆಶಯಕ್ಕೆ ಇದು ನೇರ ವಿರುದ್ಧ. ಈ ಆಕ್ಷೇಪಕ್ಕೆ ಶೀರ್ಷಿಕೆಗಳ ಕೋಷ್ಟಕವೇ ಉತ್ತರ ಕೊಡುತ್ತದೆ. ಕನ್ನಡ ಶೀರ್ಷಿಕೆ ದಾಖಲಾಗದ ಕಾಲಂ ಪುಟಕ್ಕೆ ಬರಬಾರದು ಎಂಬ ಒಂದೇ ನಿಯಮ ಇಟ್ಟರೆ, ಹೊಸ ಕಾಲಂ ಯಾರಾದರೂ ಯೋಚಿಸಿ ಒಪ್ಪಿಗೆ ಕೊಡುವವರೆಗೆ ಒಳಗೇ ಉಳಿಯುತ್ತದೆ. ಒಳಗಿನ ಕೀಲಿಯೂ ಹೊರಗೆ ಕಾಣುವುದಿಲ್ಲ. ಯಾವ ಕಾಲಂ ಪ್ರಕಾರ ಜೋಡಿಸಬೇಕು ಎಂದು ಬಳಕೆದಾರರು ಆರಿಸುವಾಗಲೂ ಇದು ನೆರವಾಗುತ್ತದೆ. ಮೌಲ್ಯಗಳನ್ನು ಕ್ವೆರಿಗೆ ಸುರಕ್ಷಿತವಾಗಿ ಜೋಡಿಸಲು ಇರುವ ಪ್ಯಾರಾಮೀಟರ್ ವಿಧಾನ ಕಾಲಂ ಹೆಸರಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಬಂದ ಹೆಸರು ಒಪ್ಪಿದ ಪಟ್ಟಿಯಲ್ಲಿದೆಯೇ ಎಂದು ಹೋಲಿಸುವುದೊಂದೇ ದಾರಿ. ಆ ಪಟ್ಟಿ ಇಲ್ಲಿ ಸಿದ್ಧವಾಗಿಯೇ ಇರುತ್ತದೆ.

ಈ ಶಿಸ್ತನ್ನು ಕಲಿಸಲು ಮೈಸೂರಿಗಿಂತ ತಕ್ಕ ಊರು ಕಡಿಮೆ. ಹೆಬ್ಬಾಳದ ಇನ್ಫೋಸಿಸ್ ತರಬೇತಿ ಕೇಂದ್ರಕ್ಕೆ ದೇಶದ ನಾನಾ ಕಡೆಯಿಂದ ಹೊಸ ಪ್ರೋಗ್ರಾಮರ್‌ಗಳು ಬರುತ್ತಾರೆ. 1946ರಲ್ಲಿ ಆರಂಭವಾದ ಎನ್‌ಐಇಯಂಥ ಎಂಜಿನಿಯರಿಂಗ್ ಕಾಲೇಜುಗಳು ಇಲ್ಲಿವೆ. 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇಲ್ಲಿಂದಲೇ ದೇಶದ ಭಾಷೆಗಳ ಕೆಲಸ ಮಾಡುತ್ತಿದೆ. ಎಂಜಿನಿಯರಿಂಗ್ ಮತ್ತು ಭಾಷಾವಿಜ್ಞಾನ ಎರಡೂ ಕೂಡುವ ಜಾಗದಲ್ಲಿ ಈ ವಿಷಯ ನಿಂತಿದೆ. ಕಲಿಸಬೇಕಾದದ್ದು ಇಷ್ಟೇ: ಕ್ವೆರಿಯ ಪ್ರತಿ ಕಾಲಂಗೂ ಸ್ಪಷ್ಟವಾದ, ಪುನರಾವರ್ತನೆಯಾಗದ ಬದಲಿ ಹೆಸರು ಕೊಡುವುದು, ಸಾಲುಗಳನ್ನು ಮುಟ್ಟುವ ಮುನ್ನ ಹೆಸರುಗಳನ್ನು ಫಲಿತಾಂಶದ ವಿವರಣೆಯಿಂದ ಪಡೆದು ಪರೀಕ್ಷಿಸುವುದು, ಶೀರ್ಷಿಕೆಗಳ ಕೋಷ್ಟಕ ಒಪ್ಪಿದ ಕಾಲಂಗಳನ್ನು ಮಾತ್ರ, ಅದು ಹೇಳಿದ ಕನ್ನಡದಲ್ಲೇ ತೋರಿಸುವುದು. ಇವುಗಳಲ್ಲಿ ಯಾವುದಕ್ಕೂ ಹೊಸ ಯಂತ್ರ ಬೇಡ, ದೊಡ್ಡ ಹಣ ಬೇಡ. ತನ್ನ ಜಮೀನಿನ ಮೇಲಿನ ಹಕ್ಕನ್ನೂ ಋಣವನ್ನೂ ಮೊಬೈಲ್ ಪರದೆಯಲ್ಲಿ ಓದುವ ರೈತನಿಗೆ ಯಾವ ಅಂಕಿ ಯಾವುದರದು ಎಂದು ಸಂದೇಹವಿಲ್ಲದೆ ತಿಳಿಯಬೇಕು. ಅದನ್ನು ಖಾತರಿಪಡಿಸುವುದು ಸಾರ್ವಜನಿಕ ವೆಬ್ ಸೇವೆ ಕಟ್ಟುವವರ ಮೊದಲ ಹೊಣೆ.